ಮರಳಿನ ಮೇಲಿನ ಅಂಗೈ ಗುರುತು

ಉದ್ಯಾವರದ ಹೊಳೆ ಕಡಲಿಗೆ ಸೇರುವಲ್ಲಿಂದ ಉಚ್ಚಿಲದವರೆಗೆ ನೀರಿನ ಅಂಚಿನಲ್ಲೇ ನಾನು ನಡೆದಿದ್ದೇನೆ. ಒಂದೇ ದಿನದಲ್ಲಿ ಅಲ್ಲ. ಒಂದು ಭಾನುವಾರ ಒಂದು ತುಂಡು, ಮುಂದಿನ ಭಾನುವಾರ ಇನ್ನೊಂದು. ಹೊಳೆಬಾಯಿಯಲ್ಲಿ ನೀರುನಾಯಿಯನ್ನು ಎರಡು ಸಲ ಕಂಡಿದ್ದೇನೆ. ಮೂರನೆಯ ಸಲ ಕಂಡದ್ದು ನೀರುನಾಯಿಯೋ ತೇಲುತ್ತಿದ್ದ ಮರದ ತುಂಡೋ ಖಚಿತವಿಲ್ಲ, ಆದ್ದರಿಂದ ಅದನ್ನು ಸೇರಿಸುವುದಿಲ್ಲ. ಮಟ್ಟುವಿನ ಹತ್ತಿರ ದೋಣಿ ದಡಕ್ಕೆ ಬರುವ ಹೊತ್ತಿಗೆ ಗರುಡಗಳು ಸುತ್ತುತ್ತವೆ. ಬಲೆಯಿಂದ ಬಿಡಿಸಿ ಎಸೆದ ಕಡಲಹಾವು ಒಮ್ಮೊಮ್ಮೆ ಮರಳಿನಲ್ಲಿ ಬಿದ್ದಿರುತ್ತದೆ. ಸತ್ತಂತೆ ಕಂಡರೂ ಸತ್ತಿರುವುದಿಲ್ಲ, ಮುಟ್ಟಬಾರದು. ಕಾಪುವಿನ ದೀಪಸ್ತಂಭದ ಬಂಡೆ ಏರಿ ಕಾದರೆ ಚಳಿಗಾಲದ ಕೆಲವು ಬೆಳಿಗ್ಗೆ ಡಾಲ್ಫಿನ್‌ಗಳ ಬೆನ್ನು ಕಾಣುತ್ತದೆ.

ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ರಕ್ತದ ಮಾದರಿ ನೋಡುವುದು ನನ್ನ ಕೆಲಸ. ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದನ್ನು ಕಂಡಷ್ಟೇ ಬರೆಯಬೇಕು, ಊಹಿಸಿದ್ದನ್ನು ಬರೆಯಬಾರದು. ಇಪ್ಪತ್ತು ವರ್ಷ ಹೀಗೇ ಮಾಡಿದ ಮೇಲೆ ಮರಳಿನ ಮೇಲಿನ ಗುರುತುಗಳನ್ನೂ ಹಾಗೆಯೇ ಓದಬಲ್ಲೆ ಎಂದುಕೊಂಡಿದ್ದೆ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದ್ದು. ಬೆಳಗಿನ ಬಿಸಿಲು ಬೆನ್ನ ಹಿಂದಿನ ತೆಂಗಿನ ತೋಟ ದಾಟಿ ಓರೆಯಾಗಿ ಬೀಳುತ್ತದೆ. ಆಗ ಏಡಿಯ ಉಗುರು ಗೀರಿದ ಗೆರೆಯೂ ಎದ್ದು ಕಾಣುತ್ತದೆ. ನಾನೊಂದು ಪುಸ್ತಕ ಇಟ್ಟುಕೊಂಡಿದ್ದೆ. ದಿನ, ಹೊತ್ತು, ಜಾಗ, ಕಂಡದ್ದು. ಬೇರೆ ಏನನ್ನೂ ಅದರಲ್ಲಿ ಬರೆಯುತ್ತಿರಲಿಲ್ಲ.

ಕಾಪುವಿನಿಂದ ತುಸು ದಕ್ಷಿಣಕ್ಕೆ, ಒಂದು ಶನಿವಾರ ಬೆಳಿಗ್ಗೆ, ನೀರಿನಿಂದ ಮೇಲೆ ಬಂದು ಮತ್ತೆ ನೀರಿಗೆ ಇಳಿದ ಜಾಡು ಕಂಡಿತು. ಸಣ್ಣ ಟ್ರ್ಯಾಕ್ಟರ್ ಹಾದಂತಿತ್ತು. ಕಡಲಾಮೆ ಮೊಟ್ಟೆ ಇಟ್ಟು ಹೋಗಿತ್ತು. ಆ ತುಂಡು ದಡದಲ್ಲಿ ಆಮೆ ಗೂಡು ನಾನು ನೋಡಿದ್ದು ಅದೇ ಮೊದಲು. ಅರಣ್ಯ ಇಲಾಖೆಯ ಕಾವಲುಗಾರರಿಗೆ ಫೋನು ಮಾಡಿದೆ. ಅವರು ಸ್ಕೂಟರಿನಲ್ಲಿ ಬಂದು ನೋಡಿ, ಸೋಮವಾರ ಬಲೆ ತಂದು ಸುತ್ತ ಬೇಲಿ ಹಾಕುತ್ತೇನೆ, ಅಲ್ಲಿಯವರೆಗೆ ನಾಲ್ಕು ಕೋಲು ನೆಟ್ಟಿರಿ ಎಂದರು. ನೆಟ್ಟೆ.

ಮರುದಿನ ಸಂಜೆ ನೆರೆಮನೆಯ ದೊಡ್ಡಮ್ಮ ನನ್ನ ಜೊತೆ ಬಂದರು. ಅವರು ನನಗೆ ಸಂಬಂಧಿಕರಲ್ಲ. ಮೀನುಗಾರರ ಮನೆಯವರು, ಕಾಪು ಮಾರ್ಕೆಟಿನಲ್ಲಿ ಮೀನು ಮಾರುತ್ತಾರೆ. ಅವರ ಮನೆಯ ಗಂಡಸರು ಕೈರಂಪಣಿಯವರು, ಎಂದರೆ ಬಲೆಯ ಒಂದು ತುದಿಯನ್ನು ದೋಣಿಯಲ್ಲಿ ಕಡಲಿಗೆ ಒಯ್ದು ಸುತ್ತಿ ತಂದು, ಎರಡೂ ತುದಿಗಳನ್ನು ದಡದಿಂದಲೇ ಹತ್ತಾರು ಜನ ಎಳೆಯುವವರು. ಬಲೆಗೆ ಆಮೆ ಸಿಕ್ಕರೆ ಅವರು ಅದಕ್ಕೆ ಅರಸಿನ ಕುಂಕುಮ ಹಚ್ಚಿ, ಕೈ ಮುಗಿದು, ಕಡಲಿಗೆ ಬಿಡುತ್ತಾರೆ. ಆಮೆ ಅವರಿಗೆ ದೇವರು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೋಲು ನೆಟ್ಟದ್ದು ಮಾತ್ರವಾ? ಎಂತ ಮಾರಾಯ್ತಿ ನೀನು, ದೇವರು ಮನೆಗೆ ಬಂದದ್ದು, ನೀನು ನಿವೇಶನಕ್ಕೆ ಗೂಟ ಹೊಡೆದ ಹಾಗೆ ಹೊಡೆದಿದ್ದೀ" ಎಂದರು ದೊಡ್ಡಮ್ಮ.

ಅವರು ಬಾಳೆಲೆಯ ಮೇಲೆ ಹುರಿಯಕ್ಕಿ, ಬೆಲ್ಲ ಇಟ್ಟರು. ಅರಸಿನ, ಕುಂಕುಮ ಹಾಕಿದರು. ತೆಂಗಿನಕಾಯಿ ಒಡೆದು ಎರಡು ಹೋಳನ್ನೂ ಗೂಡಿನ ನೆತ್ತಿಯ ಮೇಲೇ ಇಟ್ಟರು. ಕಾಯಿ ನಮ್ಮ ಮನೆಯದು, ಒಯ್ದದ್ದು ನಾನು. ಆ ದಿನದ ಪುಟದಲ್ಲಿ ನಾನು ಬರೆದದ್ದು ಇಷ್ಟೇ: ಸಂಜೆ ಆರು, ಗೂಡು ಸರಿಯಾಗಿದೆ.

ಸೋಮವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ನಾನು ಗೂಡಿನ ಹತ್ತಿರ ಇದ್ದೆ. ಕೋಲು ಎರಡು ಬಿದ್ದಿದ್ದವು. ಗುಂಡಿ ತೋಡಲಾಗಿತ್ತು, ಅರ್ಧ ಮುಚ್ಚಿಯೂ ಇತ್ತು. ಸುತ್ತ ಮೊಟ್ಟೆಯ ಸಿಪ್ಪೆಗಳು. ಆಮೆಯ ಮೊಟ್ಟೆಯ ಸಿಪ್ಪೆ ಕೋಳಿ ಮೊಟ್ಟೆಯದರಂತೆ ಗರಿಗರಿ ಇರುವುದಿಲ್ಲ, ಒದ್ದೆ ಕಾಗದದ ಹಾಗೆ ಮುದುಡುತ್ತದೆ. ಇಪ್ಪತ್ತಮೂರು ಎಣಿಸಿದೆ. ನಾಯಿಯ ಹೆಜ್ಜೆಗಳಿದ್ದವು. ಆದರೆ ಇಲ್ಲಿ ನಾಯಿಯ ಹೆಜ್ಜೆ ಇಲ್ಲದ ಜಾಗವೇ ಇಲ್ಲ. ನನ್ನ ಕಣ್ಣು ನಿಂತದ್ದು ಮುಚ್ಚಿದ ಮರಳಿನ ಮೇಲೆ. ಅಲ್ಲಿ ಮನುಷ್ಯನ ಅಂಗೈಗಳು ಸ್ಪಷ್ಟವಾಗಿ ಮೂಡಿದ್ದವು. ಐದು ಬೆರಳು, ಮತ್ತೆ ಐದು ಬೆರಳು.

ತಲೆ ಎತ್ತಿದೆ. ಉತ್ತರಕ್ಕೆ, ಇನ್ನೂರು ಹೆಜ್ಜೆ ಆಚೆ, ಒಬ್ಬ ಮನುಷ್ಯ ಗೂಡಿನಿಂದ ದೂರ ಹೋಗುತ್ತಿದ್ದ. ಬಲಗೈಯಲ್ಲಿ ಪೇಂಟಿನ ಬಕೆಟ್. ಅದರ ಮೇಲೆ ಕೆಂಪು ಟವೆಲ್ ಮುಚ್ಚಿತ್ತು. ಬಕೆಟ್ ಭಾರವಾಗಿತ್ತು. ಆ ಭುಜ ಕೆಳಗೆ ಜಗ್ಗಿತ್ತು, ಎಡಗೈ ದೂರಕ್ಕೆ ಚಾಚಿತ್ತು. ಕಡಲ ಕೊರೆತದ ತಡೆಗೋಡೆಗೆ ಕಲ್ಲು ಹಾಕುವ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಜನರ ತಗಡಿನ ಶೆಡ್ಡುಗಳು ಕಾಪುವಿನ ಕಡೆಗೆ, ಎಂದರೆ ಉತ್ತರಕ್ಕೇ ಇದ್ದವು. ತೋಡಿದ್ದಾನೆ, ತುಂಬಿದ್ದಾನೆ, ಮನೆಗೆ ಒಯ್ಯುತ್ತಿದ್ದಾನೆ. ಇಷ್ಟನ್ನು ಯೋಚಿಸಲು ನನಗೆ ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಬೇಕಾಗಲಿಲ್ಲ.

"ಓಯ್! ನಿಲ್ಲಿ! ಬಕೆಟಿನಲ್ಲಿ ಎಂತ ಉಂಟು?" ಎಂದು ಕೂಗಿದೆ.

ಅವನು ತಿರುಗಿ ನೋಡಿದ. ಮತ್ತೆ ಇನ್ನೂ ಬೇಗ ನಡೆದು ಕೇದಗೆಯ ಪೊದೆಯ ಹಿಂದೆ ಹೋದ. ಹೋಗುವ ಮೊದಲು ನಾನು ಅವನ ಬೆನ್ನಿನ ಫೋಟೋ ತೆಗೆದಿದ್ದೆ. ಗುಂಡಿಯ ಫೋಟೋ, ಅಂಗೈ ಗುರುತಿನ ಫೋಟೋ, ಬೆನ್ನಿನ ಫೋಟೋ, ಮೂರನ್ನೂ ನಮ್ಮ ಕಡಲಬದಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. 'ಆಮೆ ಮೊಟ್ಟೆ ಕಳ್ಳತನ' ಎಂದು ಕೆಳಗೆ ಬರೆದೆ. ಕಂಡದ್ದನ್ನು ಕಂಡಷ್ಟೇ ಬರೆಯುವ ಅಭ್ಯಾಸದವಳು ನಾನು.

ಅರ್ಧ ಗಂಟೆಯಲ್ಲಿ ಕೈರಂಪಣಿಯವರು ಎಳೆಯುತ್ತಿದ್ದ ಹಗ್ಗ ಕಟ್ಟಿಹಾಕಿ ಬಂದರು. ದೊಡ್ಡಮ್ಮ ಬಂದರು. ಕೇದಗೆಯ ಕಡೆಯಿಂದ ಆ ಮನುಷ್ಯನೂ ವಾಪಸು ಬಂದ, ಓಡಲಿಲ್ಲ. ಬಕೆಟ್ ಖಾಲಿಯಾಗಿತ್ತು, ಒಳಗೆ ಒದ್ದೆ. ಖಾಲಿ ಇದ್ದದ್ದೂ ಒದ್ದೆ ಇದ್ದದ್ದೂ ಅವನ ವಿರುದ್ಧವೇ ಆಯಿತು.

"ಎಲ್ಲಿ ಅಡಗಿಸಿದ್ದು ಹೇಳು" ಎಂದರು ಒಬ್ಬರು.

"ಏನೂ ಇಲ್ರಿ."

"ಹಾಗಾದರೆ ಬಕೆಟಿನಲ್ಲಿ ಇದ್ದದ್ದು ಎಂತ?"

ಅವನು ನನ್ನನ್ನು ನೋಡಿದ, ದೊಡ್ಡಮ್ಮನನ್ನು ನೋಡಿದ, ನೆಲ ನೋಡಿದ. "ಏನೂ ಇಲ್ರಿ ಅಕ್ಕಾರ" ಎಂದ.

"ಏನೂ ಇಲ್ಲದ್ದಕ್ಕೆ ಟವೆಲ್ ಹೊದೆಸಿ ತಂದೆಯಾ? ಚಳಿಯಾಗ್ತದೆ ಅಂತವಾ?" ಎಂದರು ದೊಡ್ಡಮ್ಮ. ನಾಲ್ಕು ಜನ ನಕ್ಕರು.

"ಗುಂಡಿ ಮುಟ್ಟಿದ್ದೀರಾ ಇಲ್ಲವಾ?" ನಾನು ಕೇಳಿದೆ.

"ಹೂಂನ್ರಿ, ಮುಟ್ಟೀನ್ರಿ" ಎಂದ. ಆಮೇಲೆ ಯಾರು ಏನು ಕೇಳಿದರೂ ಬಾಯಿ ಬಿಡಲಿಲ್ಲ.

ಕಲ್ಲಿನ ಕೆಲಸದ ಮೇಸ್ತ್ರಿಯನ್ನು ಕರೆಸಿದರು. ಅವರೂ ಹೊರಗಿನವರೇ, ಬಹಳ ವರ್ಷದಿಂದ ಇಲ್ಲಿರುವವರು. ಫೋಟೋ ಅವರ ಫೋನಿಗೂ ಬಂದಿತ್ತು. "ನನಗೆ ಊರಿನವರ ಹತ್ತಿರ ಜಗಳ ಬೇಡ. ಶನಿವಾರ ಗಂಡ ಹೆಂಡತಿ ಇಬ್ಬರನ್ನೂ ಬಸ್ಸು ಹತ್ತಿಸ್ತೇನೆ. ಸರಿಯಲ್ವಾ?" ಎಂದರು. ಸರಿ ಎಂದರು ಎಲ್ಲರೂ. ನಾನು ಹೇಳಬೇಕಾದದ್ದನ್ನು ಆಗಲೇ ಹೇಳಿಯಾಗಿತ್ತು. ಗುಂಪಿನ ಹಿಂದೆ ಒಂದು ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ ಹೆಂಗಸೊಬ್ಬಳು ನಿಂತಿದ್ದಳು. ಅವಳನ್ನು ಕಂಡೆ, ಯಾರೆಂದು ಯೋಚಿಸಲಿಲ್ಲ.

ಕಾವಲುಗಾರರು ಮಧ್ಯಾಹ್ನ ಬಂದರು. ಕೆಳಗಿನ ಮೊಟ್ಟೆಗಳು ಉಳಿದಿವೆ, ಈಗ ಅಲುಗಾಡಿಸುವುದು ಬೇಡ ಎಂದು ಮರಳು ಮುಚ್ಚಿ, ಸುತ್ತ ಹಳೆಯ ಬಲೆ ಕಟ್ಟಿ ಹೋದರು.

ಬುಧವಾರ ಬೆಳಿಗ್ಗೆ ಕಾಪುವಿನಲ್ಲಿ ಬಸ್ಸು ಹತ್ತಿದೆ. ಒಂದೇ ಸೀಟು ಖಾಲಿ ಇತ್ತು, ಆ ಕಾಲಿಗೆ ಬಟ್ಟೆ ಸುತ್ತಿದ್ದ ಹೆಂಗಸಿನ ಪಕ್ಕ. ಅವಳ ಮಡಿಲಲ್ಲಿ ಆಸ್ಪತ್ರೆಯ ಕಾಗದಗಳ ಪ್ಲಾಸ್ಟಿಕ್ ಚೀಲ. ಉದ್ಯಾವರ ದಾಟುವವರೆಗೆ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ, ಹೊರಗೆ ನೋಡುತ್ತಲೇ ಕೇಳಿದಳು.

"ಫೋಟೋ ತೆಗೆದವ್ರು ನೀವ ಅಲ್ರಿ?"

"ಹೌದು" ಎಂದೆ.

"ಭಾಳ ಚಲೋ ಬಂದೈತ್ರಿ. ನಮ್ಮ ಲಗ್ನದಾಗೂ ಅವ್ರದು ಇಷ್ಟ ಚಲೋ ಬಂದಿದ್ದಿಲ್ಲ. ಮಾರಿ ಒಂದು ಬರ್ಲಿಲ್ಲ ನೋಡ್ರಿ, ಬರೇ ಬೆನ್ನು."

ಕಾಲಿಗೆ ಏನಾಯಿತೆಂದು ಕೇಳಿದೆ. ಕಲ್ಲು ಬಿದ್ದು ಅವಳ ಪಾದ ಒಡೆದಿತ್ತು. ದಿನ ಬಿಟ್ಟು ದಿನ ಮಣಿಪಾಲಕ್ಕೆ ಹೋಗಿ ಗಾಯಕ್ಕೆ ಹೊಸ ಬಟ್ಟೆ ಕಟ್ಟಿಸಿಕೊಳ್ಳಬೇಕಿತ್ತು. ಇನ್ನೂ ಒಂದು ತಿಂಗಳು ಎಂದಿದ್ದರಂತೆ ಡಾಕ್ಟರು. "ಶನಿವಾರ ಹೋಗ್ರಿ ಅಂದ್ರ ಹೋಗ್ತೀವ್ರಿ. ಅಲ್ಲೆ ನಮ್ಮೂರಾಗ ಇದನ್ನ ಯಾರು ನೋಡ್ತಾರ? ಕಾಲು ಹೋದ್ರ ಹೋಗ್ಲಿ, ನಿಮ್ಮ ಆಮೆ ಬದುಕ್ಲಿ" ಎಂದಳು.

"ಬಕೆಟಿನಲ್ಲಿ ಏನಿತ್ತು ಎಂದು ಅವರು ಹೇಳಬಹುದಿತ್ತಲ್ಲ?"

ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು. "ನೀರಿತ್ರಿ. ಬಕೀಟ್ನ್ಯಾಗ ಮತ್ತೇನಿರ್ತೈತಿ? ಐತಾರ ನಮ್ಮ ಶೆಡ್ಡು ಕಿತ್ತು ಕೆಳಗ ಉಚ್ಚಿಲದ ಕಡೆ ಹಾಕ್ಯಾರ. ಪಾಯಖಾನಿ ಇನ್ನೂ ಮಾಡಿಲ್ಲ. ಬೆಳಕು ಹರಿಯೂ ಹೊತ್ತಿಗೆ ಬೈಲಕಡಿಗೆ ಹೊಂಟಿದ್ರು ಅವ್ರು. ಅದನ್ನ ಹೆಂಗ ಹೇಳ್ಬೇಕ್ರಿ, ನೀವು, ಆ ಮೀನಿನ ಅವ್ವ, ಅಷ್ಟು ಹೆಣ್ಮಕ್ಕಳು ನಿಂತಿರಬೇಕಾದ್ರ?"

"ಗುಂಡಿಯನ್ನು ಮುಟ್ಟಿದ್ದೇನೆ ಎಂದರಲ್ಲ."

"ನಾಯಿ ಕೆದರ್ತಿದ್ವಂತ. ಓಡಿಸಿ ನೋಡಿದ್ರ ಅರಿಸಿನ, ಕುಂಕುಮ, ಕಾಯಿ, ಒಳಗ ಬೆಳ್ಳಗ ಗುಂಡ್ಗುಂಡು ಏನೋ. ಯಾರೋ ಮಾಟ ಮಾಡಿ ಹುಗದಾರ ಅಂತ ಹೆದ್ರಿ ಎರಡೂ ಕೈಲೆ ಮುಚ್ಯಾರ. ಅವತ್ತಿಂದ ಸರಿ ಉಂಡಿಲ್ಲ. ನಿಮ್ಮೂರಾಗ ಅಂಥಾದ್ದು ಮಾಡೋರು ಅದಾರ ಅಂತ ನಮಗ ಹೇಳಿದ್ರು." ಆಮೇಲೆ ಕೇಳಿದಳು, "ಅದನ್ನ ಇಟ್ಟವ್ರು ನೀವ ಏನ್ರಿ?"

ಕಂಡಕ್ಟರ್ ಉಡುಪಿ ಉಡುಪಿ ಎಂದು ಕೂಗಿದ. ಉತ್ತರ ಹೇಳದೆ ಇರಲು ನನಗೆ ಅಷ್ಟು ಸಾಕಾಯಿತು.

ಅವಳ ಮಾತನ್ನು ನಾನು ನಂಬಿದೆ ಎಂದು ಬರೆದರೆ ಸುಳ್ಳಾಗುತ್ತದೆ. ದಿನವಿಡೀ ಮಾದರಿಗಳನ್ನು ನೋಡುತ್ತಾ ಅದನ್ನೇ ಅಳೆದೆ. ಗಂಡನನ್ನು ಉಳಿಸಲು ಯಾರಾದರೂ ಇಷ್ಟು ಕಟ್ಟಿ ಹೇಳಬಲ್ಲರು. ಪೂಜೆಯ ವಿಷಯ ಗುಂಪಿನಲ್ಲಿ ಯಾರಾದರೂ ಆಡಿರಬಹುದು, ಅವಳು ಕೇಳಿಸಿಕೊಂಡಿರಬಹುದು. ಹೀಗೆ ಒಂದೊಂದಾಗಿ ತೆಗೆದುಹಾಕಿದೆ. ಭುಜ ಜಗ್ಗಿದ್ದು ಮಾತ್ರ ಉಳಿಯಿತು. ಶೆಡ್ಡು ಉತ್ತರದಲ್ಲಿದ್ದರೆ ಅವನು ಮನೆಗೆ ಹೋಗುತ್ತಿದ್ದ. ದಕ್ಷಿಣದಲ್ಲಿದ್ದರೆ ಮನೆಯಿಂದ ಹೊರಟಿದ್ದ. ನಾನು ಶೆಡ್ಡು ಎಲ್ಲಿದೆ ಎಂದು ನೋಡಿರಲಿಲ್ಲ. ಎಲ್ಲಿತ್ತು ಎಂಬುದಷ್ಟೇ ನನಗೆ ಗೊತ್ತಿದ್ದದ್ದು.

ಸಂಜೆ ಮನೆಗೆ ಬರುವಾಗ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದರು. ದೇವರ ಜಾಗಕ್ಕೆ ಕಳ್ಳನ ಕೈ ತಾಗಿದೆ, ತಪ್ಪಾಯಿತೆಂದು ಕೇಳಿಕೊಳ್ಳಬೇಕು ಎಂದರು. "ಕಾಯಿ ಉಂಟಾ ನಿನ್ನಲ್ಲಿ?" ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ಅಥವಾ, ಸಿಕ್ಕಿತು, ಆದರೆ ಅದನ್ನು ಪರೀಕ್ಷಿಸಿ ನೋಡಬೇಕೆನಿಸಿತು. ಇವೆರಡರಲ್ಲಿ ಯಾವುದು ಎಂದು ಇಂದಿಗೂ ಖಚಿತವಾಗಿ ಹೇಳಲಾರೆ. ಕಾಯಿ ಕೊಟ್ಟೆ. ಅವರು ಬಲೆಯ ಬುಡದಲ್ಲಿ ಮತ್ತೆ ಬಾಳೆಲೆ ಹಾಸಿ, ಹುರಿಯಕ್ಕಿ ಬೆಲ್ಲ ಇಟ್ಟು, ಕಾಯಿ ಒಡೆದರು.

ಗುರುವಾರ ಬೆಳಕು ಬರುವ ಮೊದಲೇ ನಾನು ದಡಕ್ಕೆಳೆದ ದೋಣಿಯೊಂದರ ಮರೆಯಲ್ಲಿ ನಿಂತಿದ್ದೆ. ಅಲ್ಲಿಂದ ಗೂಡು ನೂರು ಹೆಜ್ಜೆ. ಮೊದಲು ಬಂದದ್ದು ಅವನು. ದಕ್ಷಿಣದಿಂದ ಬಂದ. ಅದೇ ಬಕೆಟ್, ಅದೇ ಕೆಂಪು ಟವೆಲ್, ಅದೇ ಜಗ್ಗಿದ ಭುಜ. ಗೂಡು ಹತ್ತಿರವಾಗುತ್ತಿದ್ದಂತೆ ನೀರಿನ ಕಡೆಗೆ ಸರಿದ. ಅಲೆಯಲ್ಲಿ ಮೊಣಕಾಲು ನೆನೆಯುವಷ್ಟು ದೂರ ಸುತ್ತಿ ಹೋದ, ಆ ಕಡೆ ತಿರುಗಿಯೂ ನೋಡಲಿಲ್ಲ. ಕೇದಗೆಯ ಹಿಂದೆ ಮರೆಯಾದ.

ಆಮೇಲೆ ನಾಯಿಗಳು ಬಂದವು. ಎರಡು. ಒಂದು ಕಂದು, ಒಂದಕ್ಕೆ ಕಿವಿ ಹರಿದಿತ್ತು. ಅವು ಅತ್ತಿತ್ತ ಮೂಸಲಿಲ್ಲ. ಇಂಥ ಕಡೆ ಇಂಥದ್ದು ಇದೆ ಎಂದು ಗೊತ್ತಿರುವ ಹಾಗೆ ನೇರ ಬಲೆಯ ಬುಡಕ್ಕೆ ಬಂದವು. ಬೆಲ್ಲ ತಾಗಿದ ಹುರಿಯಕ್ಕಿಯನ್ನು ಎಲೆ ಹರಿಯುವವರೆಗೆ ನೆಕ್ಕಿದವು. ಕಾಯಿಯ ಹೋಳು ಉರುಳಿಸಿ ತಿರುಳು ಕೆರೆದವು. ಇನ್ನೂ ಇದೆಯೇ ಎಂದು ಕೆಳಗೆ ಕೆದರತೊಡಗಿದವು. ಮರಳು ಹಿಂದಕ್ಕೆ ಚಿಮ್ಮಿ ಬಲೆ ಸಡಿಲವಾಯಿತು. ಕಿವಿ ಹರಿದ ನಾಯಿ ತಲೆಯನ್ನು ಬಲೆಯ ಅಡಿಗೆ ತೂರಿಸಿತು. ಆಗ ನಾನು ಓಡಿ, ಕೂಗಿ, ಅವನ್ನು ಅಟ್ಟಿದೆ. ಗುಂಡಿಯ ಬಾಯಿ ತೆರೆದಿತ್ತು, ಒಂದು ಮೊಟ್ಟೆ ಕಾಣುತ್ತಿತ್ತು. ನಾನು ಮಂಡಿಯೂರಿ ಎರಡೂ ಕೈಯಿಂದ ಮರಳು ತಳ್ಳಿ ಮುಚ್ಚಿದೆ, ಅಂಗೈಯಿಂದ ತಟ್ಟಿದೆ.

ಎದ್ದು ನೋಡಿದರೆ ಮರಳಿನ ಮೇಲೆ ಐದು ಬೆರಳು, ಮತ್ತೆ ಐದು ಬೆರಳು.

ಅವನು ಹಿಂತಿರುಗಿ ಬರುತ್ತಿದ್ದ. ಬಕೆಟ್ ಹಗುರವಾಗಿ ಬೀಸುತ್ತಿತ್ತು. ನನ್ನನ್ನು ಗೂಡಿನ ಪಕ್ಕ ಕಂಡು ನಿಂತ. ಕರೆಯಬೇಕೆಂದು ಕೈ ಎತ್ತಿದೆ. ಅವನು ಅದನ್ನು ಬೇರೆಯಾಗಿ ತಿಳಿದಿರಬೇಕು. ಮರಳು ಬಿಟ್ಟು, ತೋಟದ ಬೇಲಿ ದಾಟಿ, ರಸ್ತೆಯ ಕಡೆ ಹೋದ.

ಕೈರಂಪಣಿಯವರು ಬಲೆ ಎಳೆದು ಮೀನು ಬಿಡಿಸುತ್ತಿದ್ದರು. ದೊಡ್ಡಮ್ಮ ಬುಟ್ಟಿ ಹಿಡಿದು ಕುಳಿತಿದ್ದರು. ಮೇಸ್ತ್ರಿಗೂ ಫೋನು ಮಾಡಿ ಬರಹೇಳಿದೆ. ಅವರೆಲ್ಲರ ಮುಂದೆ, ಕಂಡ ಕ್ರಮದಲ್ಲೇ, ಎಲ್ಲವನ್ನೂ ಹೇಳಿದೆ. ನಾಯಿಗಳನ್ನು ಕರೆದದ್ದು ನಾವಿಟ್ಟ ಕಾಯಿ ಮತ್ತು ಹುರಿಯಕ್ಕಿ, ಅವನು ಮುಚ್ಚಿದವನು, ತೋಡಿದವನಲ್ಲ ಎಂದೆ. ಬಕೆಟಿನ ವಿಷಯ ಬಂದಾಗ, ಅದರಲ್ಲಿದ್ದದ್ದು ನೀರು ಎಂದಷ್ಟೇ ಹೇಳಿದೆ. ಗಂಡಸರಿಗೆ ಅರ್ಥವಾಯಿತು. ಒಬ್ಬಿಬ್ಬರು ಮೀನಿನ ಕಡೆ ಬಗ್ಗಿದರು.

"ಹಾಗಾದರೆ ದೇವರಿಗೆ ಇಟ್ಟದ್ದು ತಪ್ಪು ಅಂತೀಯಾ ನೀನು?" ದೊಡ್ಡಮ್ಮ ಬುಟ್ಟಿ ಕೆಳಗಿಟ್ಟರು. "ನನ್ನ ಅಜ್ಜಿ ಇಟ್ಟಿದ್ದಾಳೆ, ಅಮ್ಮ ಇಟ್ಟಿದ್ದಾಳೆ."

"ಅವರು ಇಟ್ಟದ್ದು ಬಲೆಗೆ ಬಿದ್ದ ಆಮೆಗಲ್ವಾ ದೊಡ್ಡಮ್ಮ? ಆಮೆ ನೀರಿಗೆ ಹೋಗ್ತದೆ. ಮೊಟ್ಟೆ ಅಲ್ಲೇ ಇರ್ತದೆ."

"ಕಾಯಿ ಕೊಟ್ಟದ್ದು ಯಾರು?"

"ನಾನು."

"ಹಾಂ, ಅದನ್ನು ಹೇಳು" ಎಂದು ಬುಟ್ಟಿ ಎತ್ತಿಕೊಂಡರು.

ಮೇಸ್ತ್ರಿಗೆ ಸಿಟ್ಟು ಬಂದಿತ್ತು. "ಸೋಮವಾರ ಹೌದು ಅಂದದ್ದು ನೀವು, ಇವತ್ತು ಅಲ್ಲ ಅನ್ನುವುದೂ ನೀವು. ನಾಳೆ ಎಂತ ಅಂತೀರಿ ಮೇಡಮ್? ಫೋಟೋ ಇಡೀ ಊರಿಗೆ ಹೋಗಿ ಆಯ್ತಲ್ಲ." ನಾನು ಅದಾಗಲೇ ಫೋಟೋ ಅಳಿಸಿದ್ದೆ, ತಪ್ಪು ನನ್ನದೆಂದು ಗುಂಪಿನಲ್ಲಿ ಬರೆದೂ ಇದ್ದೆ. ಅದಕ್ಕೆ ಇಬ್ಬರು ಕೈ ಮುಗಿದ ಚಿತ್ರ ಕಳಿಸಿದ್ದರು. ಫೋಟೋವನ್ನು ಮುಂದಕ್ಕೆ ಕಳಿಸಿದವರು ಇದನ್ನು ಕಳಿಸಲಿಲ್ಲ. ಕೊನೆಗೆ ಮೇಸ್ತ್ರಿ ಅವರಿಬ್ಬರನ್ನು ಬಸ್ಸು ಹತ್ತಿಸುವುದಿಲ್ಲ ಎಂದರು. ಈ ಕಡೆ ಮಾತ್ರ ಬೇಡ, ಉಚ್ಚಿಲದಲ್ಲಿ ಕಲ್ಲು ಇಳಿಸುವಲ್ಲಿಗೆ ಹಾಕುತ್ತೇನೆ ಎಂದರು. ಶೆಡ್ಡಿಗೆ ಪಾಯಖಾನೆ ಯಾವಾಗ ಎಂದು ಕೇಳಿದೆ. "ಅದಕ್ಕೂ ಫೋಟೋ ತೆಗೀತೀರಾ?" ಎಂದರು.

ಏಳು ವಾರ ಕಳೆದ ಮೇಲೆ ಗೂಡಿನ ಉಳಿದ ಮೊಟ್ಟೆಗಳು ಒಡೆದು ಮರಿಗಳಾದವು. ನಾನು ಹೋಗುವ ಹೊತ್ತಿಗೆ ಮರಿಗಳು ನೀರು ಸೇರಿಯಾಗಿತ್ತು. ಪುಟ್ಟ ರೆಕ್ಕೆಗಾಲುಗಳ ಜಾಡುಗಳು ಒಂದರ ಮೇಲೊಂದು ಹಾದಿದ್ದವು. ಎಷ್ಟೆಂದು ಎಣಿಸಲಾಗಲಿಲ್ಲ, ಹಾಗೆಂದೇ ಬರೆದೆ. ದೊಡ್ಡಮ್ಮ ಕೊನೆಯವರೆಗೂ ಹೂ ಇಡುತ್ತಿದ್ದರು. "ಹೂ ಮಾತ್ರ, ಆಗಬಹುದಾ? ನಿನ್ನ ನಾಯಿಗಳು ಮಲ್ಲಿಗೆ ತಿನ್ನುವುದಿಲ್ಲ ಅಲ್ವಾ?" ಎಂದು ಪ್ರತಿ ಸಲ ಕೇಳುತ್ತಿದ್ದರು. ಆ ಹೆಂಗಸನ್ನು ಬಸ್ಸಿನಲ್ಲಿ ಆಮೇಲೂ ಕಂಡಿದ್ದೇನೆ. ಕಾಲಿನ ಗಾಯ ಒಣಗುತ್ತಾ ಬಂದಿತ್ತು. ನಾನು ಅವಳ ಗಂಡನಲ್ಲಿ ತಪ್ಪಾಯಿತೆಂದು ಹೇಳಬೇಕು ಎಂದಾಗ, "ಹೇಳ್ತೀನ್ರಿ ನಾನ" ಎಂದಳು. ಹೇಳಿದಳೋ ಇಲ್ಲವೋ ತಿಳಿಯದು.

ನಾನು ಈಗಲೂ ಭಾನುವಾರಗಳಂದು ಉಚ್ಚಿಲದವರೆಗೆ ನಡೆಯುತ್ತೇನೆ. ಅಲ್ಲಿಯ ಶೆಡ್ಡುಗಳ ಹತ್ತಿರ ಮೂರು ಸಲ ಅವನು ಎದುರಾದ. ಮೊದಲ ಸಲ ನಾನು ಮಾತಾಡಲು ನಿಂತೆ. ಮಾತು ಬಾಯಿಗೆ ಬರುವ ಮೊದಲೇ ಅವನು ಬಕೆಟ್ ಕೆಳಗಿಟ್ಟು, ಕೆಂಪು ಟವೆಲ್ ತೆಗೆದು, ಒಳಗಿನದು ನನಗೆ ಕಾಣುವಂತೆ ಓರೆ ಮಾಡಿ ಹಿಡಿದ. ಸ್ವಲ್ಪ ನೀರು ಮರಳಿಗೆ ಚೆಲ್ಲಿತು. "ನೀರ್ರಿ ಅಕ್ಕಾರ" ಎಂದ. ನಾನು ಕೇಳಿರಲಿಲ್ಲ. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ದೂರದಿಂದಲೇ ಅವನನ್ನು ಕಂಡು ನಾನು ಮುಖ ತಿರುಗಿಸಿ ನೀರಿಗಿಳಿದು, ಮೊಣಕಾಲು ನೆನೆಯುವಷ್ಟು ದೂರ ಸುತ್ತಿ ನಡೆದೆ. ದಾಟಿದ ಮೇಲೆ ಹಿಂತಿರುಗಿ ನೋಡಿದೆ. ಅವನು ನಿಂತಲ್ಲೇ ನಿಂತಿದ್ದ. ಬಕೆಟ್ ನನ್ನ ಕಡೆಗೇ ಓರೆಯಾಗಿತ್ತು.